ಕಲ್ಯಾಣದ ಕೆರೆಯ ತಡಿ: ಕ್ರೀಡೆಯೂ ಕಾಯಕವೂ

ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ ತ್ರಿಪುರಾಂತಕ ಕೆರೆಯೆಂಬುದೊಂದುಂಟು. ಅದರ ತಡಿಯಲ್ಲಿ ನುಲಿಯ ಚಂದಯ್ಯನದೆಂದೂ ಅಕ್ಕನಾಗಮ್ಮನದೆಂದೂ ಜನರು ಹೆಸರಿಟ್ಟು ಕರೆಯುವ ಗವಿಗಳಿವೆ. ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಕಟ್ಟಿಸಿದ ಅನುಭವಮಂಟಪವಿದೆ. ಇನ್ನೂ ದೊಡ್ಡದಾದ ನೂತನ ಅನುಭವಮಂಟಪಕ್ಕೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಯಾತ್ರೆಗೆಂದು ಬಂದವರು ದರ್ಶನವನ್ನು ಮುಗಿಸಿಕೊಂಡು ನೀರಿನ ಗಾಳಿಗೆ ಕುಳಿತುಕೊಳ್ಳುತ್ತಾರೆ. ಹೀಗೆ ಆ ತಡಿಯು ಪುಣ್ಯಕ್ಷೇತ್ರವೂ ವಿಹಾರಸ್ಥಾನವೂ ಆಗಿ ಪರಿಣಮಿಸುತ್ತಿದೆ. ಇದರಲ್ಲಿ ಅಚ್ಚರಿಯೇನೂ ಇಲ್ಲ. ಅಚ್ಚರಿಯ ಸಂಗತಿಯೆಂದರೆ, ಕೆರೆಯ ತಡಿಯನ್ನು ಕುರಿತು ಈ ಕಲ್ಯಾಣ ಪಟ್ಟಣವು ಎರಡು ಬಗೆಯ ವಾಙ್ಮಯವನ್ನು ಹೆತ್ತಿದ್ದರೂ ಅವೆರಡನ್ನೂ ಒಂದೆಡೆಯಲ್ಲಿಟ್ಟು ಓದುವ ಪರಿಪಾಟಿಯು ಬೆಳೆಯದಿರುವುದು. ಒಂದು ಅರಸನ ಕ್ರೀಡೆಯದು, ಮತ್ತೊಂದು ಶರಣನ ಕಾಯಕದ್ದು. ಮೊದಲನೆಯದನ್ನು ಅಲಂಕಾರಶಾಸ್ತ್ರದ ಕಟ್ಟಳೆಯೆಂದು ಪಕ್ಕಕ್ಕೆ ಸರಿಸುವುದು, ಎರಡನೆಯದನ್ನು ಭಕ್ತಚರಿತ್ರೆಯೆಂದು ಕೈಮುಗಿದು ಬಿಡುವುದು, ಇದು ಸಾಮಾನ್ಯವಾಗಿ ನಡೆದುಬಂದ ರೀತಿ.

ಮಹಾಕಾವ್ಯದಲ್ಲಿ ಪುರ, ಸಮುದ್ರ, ಪರ್ವತ, ಋತು, ಚಂದ್ರಸೂರ್ಯೋದಯ ಇವುಗಳೊಡನೆ ಉದ್ಯಾನಕ್ರೀಡೆಯೂ ಸಲಿಲಕ್ರೀಡೆಯೂ ಬರತಕ್ಕದ್ದೆಂದು ದಂಡಿಯು ವಿಧಿಸಿರುವುದು ವಿದಿತವೇ ಆಗಿದೆ. ಕನ್ನಡ ಚಂಪೂಕವಿಗಳು ಈ ಹದಿನೆಂಟು ವರ್ಣನೆಗಳನ್ನು ತಲೆಯ ಮೇಲೆ ಹೊತ್ತುಕೊಂಡರು. ವರ್ಣನೆ ಬಂದಲ್ಲಿ ಕಥೆ ನಿಲ್ಲುತ್ತದೆಂಬ ಬೇಸರವು ಆಧುನಿಕ ಓದುಗನಿಗೆ ಸಹಜ. ಉಪಾಧ್ಯಾಯರು ತರಗತಿಯಲ್ಲಿ ಆ ಭಾಗಗಳನ್ನು ದಾಟಿಸಿ ಮುಂದಕ್ಕೆ ಹೋಗುವುದೂ ಸಹಜ. ಆದರೆ ಉತ್ತಮಕವಿಯ ಕೈಯಲ್ಲಿ ಜಲಕ್ರೀಡೆಯು ಎಲ್ಲಿ ಬಂದಿದೆ, ಅದರ ಬೆನ್ನಿಗೆ ಏನು ಬಂದಿದೆ ಎಂಬುದನ್ನು ನೋಡದೆ ದಾಟಿಸುವುದು ನ್ಯಾಯವಲ್ಲ. ಯಮುನೆಯ ತಡಿಯಲ್ಲಿ ಕೃಷ್ಣಾರ್ಜುನರ ವಿಹಾರವು ನಡೆದ ಬೆನ್ನಿಗೇ ಅಗ್ನಿಯು ಬ್ರಾಹ್ಮಣವೇಷದಿಂದ ಬಂದು ಖಾಂಡವವನ್ನು ಬೇಡುತ್ತಾನೆಂಬುದು ವ್ಯಾಸಭಾರತದ ಕ್ರಮ. ಖಾಂಡವದಹನವನ್ನು ಪಂಪನೂ ತನ್ನ ಕಾವ್ಯದಲ್ಲಿ ವಿಸ್ತರಿಸಿದ್ದಾನೆ. ಒಡೆಯರು ನೀರಿನಲ್ಲಿ ಆಡಿ ದಣಿದ ಮೇಲೆ ಕಾಡು ತನ್ನ ಮೃಗಪಕ್ಷಿಗಳೊಡನೆ ಉರಿದುಹೋಗುತ್ತದೆ. ಈ ಅನುಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡವನಿಗೆ ಜಲಕ್ರೀಡೆಯು ಬರಿಯ ಅಲಂಕಾರವಾಗಿ ಕಾಣಲಾರದು. ಅಂತೆಯೇ ಚಾಲುಕ್ಯರ ಆಸ್ಥಾನಕವಿಯಾದ ರನ್ನನಲ್ಲಿ ವೈಶಂಪಾಯನ ಸರೋವರವು ಆಟದ ಕೊಳವಲ್ಲ. ಸೋತ ಚಕ್ರವರ್ತಿಯು ಅಡಗಿ ಕುಳಿತ ತಾಣ. ನೀರು ತಂಪೆಂಬ ಕವಿಸಮಯವನ್ನೇ ರನ್ನನು ಅಲ್ಲಿ ತಲೆಕೆಳಗು ಮಾಡಿದ್ದಾನೆ.

ಕಲ್ಯಾಣವು ಚಾಲುಕ್ಯರ ರಾಜಧಾನಿಯಾದದ್ದು ರನ್ನನ ತರುವಾಯ, ಹನ್ನೊಂದನೆಯ ಶತಮಾನದ ನಡುವಿನ ಕಾಲದಲ್ಲಿ, ಆಹವಮಲ್ಲ ಸೋಮೇಶ್ವರನಿಂದ. ಆತನ ಮಗ ಆರನೆಯ ವಿಕ್ರಮಾದಿತ್ಯನ ಆಸ್ಥಾನಕ್ಕೆ ಕಾಶ್ಮೀರದಿಂದ ಬಂದ ಬಿಲ್ಹಣನು ವಿಕ್ರಮಾಂಕದೇವಚರಿತವನ್ನು ಬರೆದನು. ಜೈಸಲ್ಮೇರದ ಭಂಡಾರದಲ್ಲಿ ದೊರೆತ ಆ ಕಾವ್ಯವನ್ನು ಬ್ಯೂಲರನು 1875ರಲ್ಲಿ ಅಚ್ಚು ಹಾಕಿಸಿದಂದಿನಿಂದ ಅದನ್ನು ಇತಿಹಾಸಕ್ಕಾಗಿ ಜಾಲಿಸಿ ನೋಡಿದವರೇ ಹೆಚ್ಚು. ಚಂದ್ರಲೇಖೆಯ ಸ್ವಯಂವರವಾದ ಬಳಿಕ ಅದರಲ್ಲಿ ವನವಿಹಾರ, ಪುಷ್ಪಾಪಚಯ, ಜಲಕ್ರೀಡೆಗಳು ಸಾಲಾಗಿ ಬರುತ್ತವೆ. ಬಿಲ್ಹಣನ ಕೊಳದಲ್ಲಿ ನೀರಿಗಿಂತ ಉಪಮಾನವೇ ಹೆಚ್ಚು. ಆ ಕೊಳವು ಕಲ್ಯಾಣದಲ್ಲಿದ್ದರೂ ಒಂದೇ, ಕಾಶ್ಮೀರದಲ್ಲಿದ್ದರೂ ಒಂದೇ. ಆದರೆ ಕಾವ್ಯದ ಕೊನೆಗೆ ಸಮೀಪವಾಗಿ, ವಿಕ್ರಮನು ವಿಷ್ಣುವಿಗೆ ದೇಗುಲವನ್ನು ಕಟ್ಟಿಸಿ ಅದರ ಮುಂದೆ ದೊಡ್ಡದೊಂದು ಕೆರೆಯನ್ನು ಮಾಡಿಸಿದನೆಂದು ಹೇಳುವಲ್ಲಿ ಅವನ ಮಾತಿಗೆ ಬೇರೊಂದು ತೂಕ ಬರುತ್ತದೆ. ಆಡುವ ಕೆರೆಯನ್ನು ವರ್ಣಿಸುವಾಗ ಸೋತ ಕವಿಯು ಮಾಡಿಸಿದ ಕೆರೆಯನ್ನು ಹೇಳುವಾಗ ಗೆದ್ದಿದ್ದಾನೆ.

ಈ ಸೋಲನ್ನು ತುಂಬಿಕೊಟ್ಟ ಗ್ರಂಥವು ಅದೇ ಅರಮನೆಯಿಂದಲೇ ಹೊರಟಿತು. ವಿಕ್ರಮಾದಿತ್ಯನ ಮಗ, ಭೂಲೋಕಮಲ್ಲನೆಂಬ ಬಿರುದುಳ್ಳ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ಮಾನಸೋಲ್ಲಾಸ ಅಥವಾ ಅಭಿಲಷಿತಾರ್ಥಚಿಂತಾಮಣಿಯು ಕ್ರಿ.ಶ. 1129ರ ಸುಮಾರಿನದು. ಐದು ವಿಂಶತಿಗಳು, ವಿಂಶತಿಗೆ ಇಪ್ಪತ್ತರಂತೆ ನೂರು ಅಧ್ಯಾಯಗಳು. ಬರೋಡೆಯ ಗ್ರಂಥಮಾಲೆಯಲ್ಲಿ ಇದರ ಮೊದಲ ಸಂಪುಟವು 1925ರಲ್ಲಿಯೂ ಎರಡನೆಯದು 1939ರಲ್ಲಿಯೂ ಮೂರನೆಯದು 1961ರಲ್ಲಿಯೂ ಪ್ರಕಟವಾದುವು. ಕ್ರೀಡಾವಿಂಶತಿಯು ಕಡೆಯದಾದುದರಿಂದ ಅದು ವಿದ್ವಾಂಸರ ಕೈಗೆ ತಡವಾಗಿ ಸೇರಿತು. ರಾಜನೀತಿ, ಶಿಲ್ಪ, ಚಿತ್ರ, ಸಂಗೀತ ಇವುಗಳಿಗಾಗಿ ಈ ಗ್ರಂಥವನ್ನು ಶೋಧಿಸಿದಷ್ಟು ಅದರ ಕ್ರೀಡಾಪ್ರಕರಣವನ್ನು ಶೋಧಿಸದಿರುವುದಕ್ಕೆ ಇದೂ ಒಂದು ಕಾರಣವಿರಬಹುದು. ಕ್ರೀಡೆಯೆಂದರೆ ಹಗುರವಾದ ವಿಷಯವೆಂಬ ಭಾವನೆಯು ಇನ್ನೊಂದು ಕಾರಣ.

ಆ ವಿಂಶತಿಯ ಅಧ್ಯಾಯಗಳ ಹೆಸರುಗಳನ್ನು ಅನುಕ್ರಮವಾಗಿ ಓದಿದರೆ ಸಾಕು, ಒಂದು ಸಂಗತಿಯು ಹೊಳೆಯುತ್ತದೆ. ಭೂಧರಕ್ರೀಡೆ, ವನಕ್ರೀಡೆ, ಆಂದೋಲನಕ್ರೀಡೆ, ಸೇಚನಕ್ರೀಡೆ, ತೋಯಕ್ರೀಡೆ, ಶಾದ್ವಲಕ್ರೀಡೆ, ವಾಲುಕಾಕ್ರೀಡೆ, ಜ್ಯೋತ್ಸ್ನಾಕ್ರೀಡೆ, ಸಸ್ಯಕ್ರೀಡೆ. ಬೆಟ್ಟ, ತೋಪು, ಉಯ್ಯಾಲೆ, ನೀರೆರಚಾಟ, ಕೊಳ, ಹಸುರುನೆಲ, ಮರಳದಿಣ್ಣೆ, ಬೆಳುದಿಂಗಳು, ಬೆಳೆದ ಹೊಲ. ಇವಾದ ಮೇಲೆಯೇ ಪಾನ, ಒಗಟು, ಚದುರಂಗ, ಪಗಡೆ ಮುಂತಾದ ಕುಳಿತು ಆಡುವ ಆಟಗಳು ಬರುತ್ತವೆ. ಮೊದಲ ಒಂಬತ್ತು ಅಧ್ಯಾಯಗಳು ವಿಹಾರಭೂಮಿಯೊಂದರ ನಕ್ಷೆಯಂತಿವೆಯೆಂದರೆ ಅತಿಶಯೋಕ್ತಿಯಾಗದು. ಕವಿಗಳು ಹದಿನೆಂಟು ವರ್ಣನೆಗಳಲ್ಲಿ ಎಲ್ಲವನ್ನೂ ಬೆರೆಸಿಬಿಟ್ಟಿದ್ದರೆ ಇಲ್ಲಿ ನೆಲದ ಗುಣಕ್ಕೆ ತಕ್ಕಂತೆ ಆಟವು ವಿಂಗಡವಾಗಿದೆ. ಮರಳಿನ ಆಟ ಬೇರೆ, ಹುಲ್ಲಿನ ಆಟ ಬೇರೆ. ಬಿಸಿಲಿನದು ಬೇರೆ, ತಿಂಗಳ ಬೆಳಕಿನದು ಬೇರೆ. ಸಂತೋಷವೂ ಶಾಸ್ತ್ರವನ್ನು ಬೇಡುತ್ತದೆ, ಸ್ಥಳವನ್ನರಿಯದವನಿಗೆ ವಿನೋದವಿಲ್ಲ ಎಂಬುದು ಗ್ರಂಥಕರ್ತನ ನಿಲುವೆಂದು ತೋರುತ್ತದೆ. ಮರಗಳನ್ನು ನೆಡುವ, ಬೆಳೆಸುವ, ಅವುಗಳ ರೋಗಕ್ಕೆ ಮದ್ದು ಮಾಡುವ ವೃಕ್ಷಾಯುರ್ವೇದದ ವಿಷಯವೂ ಈ ಕ್ರೀಡಾಪ್ರಕರಣದಲ್ಲಿಯೇ ಸೇರಿಕೊಂಡಿರುವುದು ಅರ್ಥವತ್ತಾಗಿದೆ. ನೆರಳನ್ನು ಅನುಭವಿಸುವ ಅಧ್ಯಾಯದ ಬಳಿಯಲ್ಲಿಯೇ ನೆರಳನ್ನು ಬೆಳೆಸುವ ವಿದ್ಯೆಯೂ ಇದೆ.

ಸಸ್ಯಕ್ರೀಡೆಯೆಂಬುದಂತೂ ವಿಶೇಷವಾಗಿ ಗಮನಿಸತಕ್ಕದ್ದು. ಬೆಳೆದು ನಿಂತ ಪೈರಿನ ನಡುವೆ ಅರಸನು ಹೋಗಿ ಕಾಲ ಕಳೆಯುವುದು ಒಂದು ಕ್ರೀಡೆಯಂತೆ! ಅಲಂಕಾರಿಕರ ಪಟ್ಟಿಯಲ್ಲಿ ಇದಕ್ಕೆ ಎಡೆಯಿಲ್ಲ. ಈಗ ಬೀದರಿನ ಗಾಂಧಿಗಂಜಕ್ಕೆ ಬಂಡಿ ಲಾರಿಗಳಲ್ಲಿ ಬಂದು ಬೀಳುವ ತೊಗರಿ, ಉದ್ದು, ಹೆಸರು, ಜೋಳಗಳ ಸೀಮೆಯಲ್ಲಿ ಕುಳಿತು ಬರೆದವನಿಗಲ್ಲದೆ, ಹೊಲವೂ ನೋಡಿ ನಲಿಯತಕ್ಕ ವಸ್ತುವೆಂಬ ಬುದ್ಧಿಯು ಸುಲಭವಾಗಿ ಹುಟ್ಟಲಾರದು. ಸೋಮೇಶ್ವರನು ಸಂಸ್ಕೃತದಲ್ಲಿ ಬರೆದನೆಂಬ ಒಂದೇ ಕಾರಣದಿಂದ ಅವನನ್ನು ಕನ್ನಡ ಸಾಹಿತ್ಯಚರಿತ್ರೆಯ ಹೊಸ್ತಿಲ ಹೊರಗೆ ನಿಲ್ಲಿಸುವುದು ಎಷ್ಟು ಸರಿ ಎಂಬುದು ಇಲ್ಲಿ ಯೋಚಿಸತಕ್ಕ ಮಾತು.

ನೀರಿನ ವಿಷಯದಲ್ಲಿ ಆ ಗ್ರಂಥದ ಅತ್ಯಂತ ಸ್ವಾರಸ್ಯವಾದ ಭಾಗವು ತೋಯಕ್ರೀಡೆಯಲ್ಲಿಲ್ಲ; ಅದರ ಹಿಂದಿನ ವಿನೋದವಿಂಶತಿಯ ಮತ್ಸ್ಯವಿನೋದದಲ್ಲಿದೆ. ಗಾಳ ಹಾಕಿ ಮೀನು ಹಿಡಿಯುವುದನ್ನು ಹೇಳುವ ಈ ಅಧ್ಯಾಯವು ಕಡಲಿನ ಮೀನು, ಸಿಹಿನೀರಿನ ಮೀನು, ಹೊರೆಯುಳ್ಳದ್ದು, ಹೊರೆಯಿಲ್ಲದ್ದು ಎಂದು ವಿಂಗಡಿಸಿ ಮೂವತ್ತಕ್ಕೂ ಮಿಕ್ಕ ಜಾತಿಗಳನ್ನು ಹೆಸರಿಸುತ್ತದೆ. ಯಾವುದಕ್ಕೆ ಯಾವ ಆಹಾರವೆಂದು ಹಿಂಡಿ ಹಿಟ್ಟುಗಳ ಉಂಡೆಗಳನ್ನು ಹೇಳುತ್ತದೆ. ಕೋಲು, ದಾರ, ಗಾಳಗಳ ಲಕ್ಷಣವನ್ನು ಹೇಳುತ್ತದೆ. ಪ್ರಾಣಿಶಾಸ್ತ್ರಜ್ಞರು ಇದನ್ನು ಆದರದಿಂದ ಪರಿಶೀಲಿಸಿದ್ದಾರೆ. ಸಾಹಿತ್ಯವಿಮರ್ಶಕರೂ ಪರಿಶೀಲಿಸಬೇಕಾದ ಅಂಶವೊಂದು ಇದರಲ್ಲಿದೆ. ಹಲವು ದಿನ ಮೇವು ಹಾಕಿ ಮೀನುಗಳನ್ನು ಒಂದೆಡೆಗೆ ಪಳಗಿಸುವವನಾರು? ನಾರನ್ನು ಹೊಸೆದು ದಾರವನ್ನು ಮಾಡುವವನಾರು? ಇಷ್ಟು ನಿಖರವಾದ ತಿಳಿವಳಿಕೆಯು ಅರಮನೆಯಲ್ಲಿ ಹುಟ್ಟಿದುದಾಗಿರಲಾರದು. ಅದು ನೀರಿನಲ್ಲಿಯೇ ಬಾಳಿದ ಅಂಬಿಗರಿಂದಲೂ ಬೆಸ್ತರಿಂದಲೂ ಬಂದ ವಿದ್ಯೆಯಾಗಿರಬೇಕು. ಗ್ರಂಥವು ಅವರ ವಿದ್ಯೆಯನ್ನು ಪಡೆಯಿತು. ಅವರ ಹೆಸರನ್ನು ಪಡೆಯಲಿಲ್ಲ. ಕ್ರಿಯೆಯನ್ನು ಹೇಳುವಾಗಲೆಲ್ಲ ಕರ್ತೃವು ಮರೆಯಾಗುತ್ತಾನೆ, ಕೊನೆಯಲ್ಲಿ ಗಾಳವನ್ನು ಎತ್ತುವ ಅರಸನೊಬ್ಬನೇ ಕಾಣುತ್ತಾನೆ. ಮಾನಸೋಲ್ಲಾಸದ ಹಿರಿಮೆಯೂ ಕೊರತೆಯೂ ಇದೇ.

ಸೋಮೇಶ್ವರನು ವಿಕ್ರಮಾಂಕಾಭ್ಯುದಯವೆಂಬ ಗದ್ಯಕಾವ್ಯವನ್ನೂ ಬರೆದಿದ್ದಾನೆ. ಅದು ಅಸಮಗ್ರವಾಗಿ ದೊರೆತಿದೆ. ಕರ್ನಾಟಕದ ಮತ್ತು ಕಲ್ಯಾಣನಗರದ ವರ್ಣನೆಗಳು ಅದರಲ್ಲಿವೆ. ಅದೇ ಲೇಖಕನು, ಅದೇ ಪಟ್ಟಣವನ್ನು ಕುರಿತು, ಕಾವ್ಯವೆಂದು ಬರೆಯುವಾಗ ಬಾಣನ ದಾರಿಯನ್ನು ಹಿಡಿದು ಸಮಾಸಗಳ ತೋರಣವನ್ನು ಕಟ್ಟುತ್ತಾನೆ. ಶಾಸ್ತ್ರವೆಂದು ಬರೆಯುವಾಗ ಮಣ್ಣನ್ನೂ ಮೀನನ್ನೂ ನೋಡುತ್ತಾನೆ. ಹನ್ನೆರಡನೆಯ ಶತಮಾನದಲ್ಲಿ ನೆಲವನ್ನು ನೋಡುವ ಶಕ್ತಿಯು ಕಾವ್ಯವನ್ನು ಬಿಟ್ಟು ಬೇರೆ ಪ್ರಕಾರಗಳ ಕಡೆಗೆ ಸರಿದಿತ್ತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ಬೇಕಾಗಿಲ್ಲ. ಆ ಶಕ್ತಿಯು ಸರಿದು ಸೇರಿದ ಮತ್ತೊಂದು ಪ್ರಕಾರವೇ ವಚನ.

ಮಾನಸೋಲ್ಲಾಸಕ್ಕೂ ಬಸವಣ್ಣನವರ ಕಲ್ಯಾಣಕ್ಕೂ ನಡುವಣ ಅಂತರವು ನಾಲ್ಕು ದಶಕಗಳನ್ನು ಮೀರದು. ಈ ಅವಧಿಯಲ್ಲಿ ಪಟ್ಟವು ಚಾಲುಕ್ಯರಿಂದ ಕಳಚುರ್ಯ ಬಿಜ್ಜಳನಿಗೆ ಹೋಯಿತು. ಕೆರೆಗಳು ಇದ್ದಲ್ಲಿಯೇ ಇದ್ದುವು. ಬಿಜಾಪುರ ಸೀಮೆಯ ಶಿವಣಗಿಯಿಂದ ಬಂದನೆನ್ನಲಾದ ನುಲಿಯ ಚಂದಯ್ಯನು ಕೆರೆಯ ಹೊಡಕೆಹುಲ್ಲನ್ನು ಕೊಯ್ದು, ಹೊಸೆದು, ಹಗ್ಗವನ್ನು ಮಾಡಿ ಮಾರಿ, ಬಂದುದರಿಂದ ಜಂಗಮದಾಸೋಹವನ್ನು ನಡೆಸುತ್ತಿದ್ದನು. ಚಂದೇಶ್ವರಲಿಂಗವೆಂಬ ಅಂಕಿತದ ಅವನ ವಚನಗಳು ಐವತ್ತರೊಳಗೆ ದೊರೆತಿವೆ. ಹುಲ್ಲನ್ನು ಕೊಯ್ಯುತ್ತಿರುವಾಗ ಅವನ ಕೊರಳಿನ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದಿತೆಂದೂ, ಅವನು ಅದನ್ನು ತೆಗೆದುಕೊಳ್ಳದೆ ಹುಲ್ಲಿನ ಹೊರೆಯನ್ನು ಹೊತ್ತು ನಡೆದನೆಂದೂ, ಲಿಂಗವೇ ಅವನ ಬೆನ್ನು ಹತ್ತಿ ಬಂದಿತೆಂದೂ, ಮಡಿವಾಳ ಮಾಚಯ್ಯನು ನಡುವೆ ಬಂದು ವಾದಿಸಿದನೆಂದೂ ಕಥೆಯಿದೆ. ಪ್ರಚಲಿತವಾದ ಕಥೆಯಲ್ಲಿ ಹಗ್ಗವನ್ನು ಮಾರುವ ಕೆಲಸವು ಕಡೆಗೆ ಲಿಂಗದ ಪಾಲಿಗೇ ಬೀಳುತ್ತದೆ. ಹಗ್ಗದ ಬೆಲೆಗೆ ಮಿಕ್ಕು ಬಂದ ಹೊನ್ನನ್ನು ಚಂದಯ್ಯನು ಒಲ್ಲೆನೆನ್ನುತ್ತಾನೆ. ಶೂನ್ಯಸಂಪಾದನೆಯು ಈ ಪ್ರಸಂಗಕ್ಕೆ ಪ್ರತ್ಯೇಕವಾದ ಎಡೆಯನ್ನೇ ಕೊಟ್ಟಿದೆ.

ಈ ಪ್ರಸಂಗವನ್ನು ಕಾಯಕತತ್ತ್ವದ ನಿದರ್ಶನವೆಂದು ಬೋಧಿಸುವುದು ರೂಢಿ. ಅದು ನಿಜವೂ ಹೌದು. ಆದರೆ ಇದು ನೀರಿನ ಅಂಚಿನಲ್ಲಿಯೇ ನಡೆಯುತ್ತದೆಂಬುದನ್ನು ಬೋಧಕರು ಆಕಸ್ಮಿಕವೆಂದು ಬಿಟ್ಟುಬಿಡುತ್ತಾರೆ. ಜಲಕ್ರೀಡೆಯ ವರ್ಣನೆಯಲ್ಲಿ ಆಭರಣಗಳು ಜಾರಿ ನೀರಿಗೆ ಬೀಳುವುದು, ಹೂಮಾಲೆಗಳು ಬಿಚ್ಚಿ ತೇಲುವುದು ಕವಿಸಮಯ. ಬಿದ್ದ ಹಾರವನ್ನು ಹುಡುಕುವುದೇ ಅಲ್ಲಿ ಒಂದು ಆಟ. ಚಂದಯ್ಯನ ಕೊರಳಿನಿಂದಲೂ ಒಂದು ವಸ್ತು ಜಾರಿ ಬೀಳುತ್ತದೆ; ಅದು ಶರಣನಿಗೆ ಪ್ರಾಣಕ್ಕಿಂತ ಮೇಲಾದದ್ದು. ಅವನು ಹುಡುಕುವುದಿಲ್ಲ. ಕೈಯಲ್ಲಿ ಕುಡುಗೋಲಿದೆ, ಹೊತ್ತು ಏರುತ್ತಿದೆ, ಹಗ್ಗವಾಗದಿದ್ದರೆ ಜಂಗಮಕ್ಕೆ ಊಟವಿಲ್ಲ. ಪ್ರಸಂಗವನ್ನು ಕಟ್ಟಿದವರು ಚಂಪೂಕಾವ್ಯದ ಜಲಕ್ರೀಡೆಯನ್ನು ಎದುರಿಗಿಟ್ಟುಕೊಂಡು ಕಟ್ಟಿದರೆಂದು ಹೇಳಲು ಆಧಾರವಿಲ್ಲ; ಆದರೆ ಎರಡನ್ನೂ ಬಲ್ಲ ಓದುಗನ ಕಿವಿಗೆ ಒಂದರ ಉತ್ತರವಾಗಿ ಇನ್ನೊಂದು ಕೇಳಿಸದೆ ಇರದು. ಮತ್ಸ್ಯವಿನೋದದಲ್ಲಿ ಹೆಸರಿಲ್ಲದೆ ನಾರನ್ನು ಹೊಸೆಯುತ್ತಿದ್ದವನು ಇಲ್ಲಿ ಹೆಸರಿನೊಡನೆ, ಮಾತಿನೊಡನೆ, ಹಟದೊಡನೆ ನೀರಿನಿಂದ ಮೇಲೇಳುತ್ತಾನೆ.

ಇವೆರಡರ ನಡುವೆ ಒಂದು ಮಧ್ಯಮಾರ್ಗವನ್ನು ಹಿಡಿದವನು ಹರಿಹರ. ಕಲ್ಯಾಣದ ಕ್ರಾಂತಿಯ ಕೆಲವು ದಶಕಗಳ ತರುವಾಯ ಹಂಪೆಯಲ್ಲಿದ್ದು ಬರೆದ ಅವನ ಪುಷ್ಪರಗಳೆಯಲ್ಲಿ ಭಕ್ತನು ನಸುಕಿನಲ್ಲಿಯೇ ತೋಟಕ್ಕೆ ಹೋಗಿ ವಿರೂಪಾಕ್ಷನಿಗೆ ಹೂಗಳನ್ನು ಆಯುತ್ತಾನೆ. ಪುಷ್ಪಾಪಚಯವೆಂಬ ಹಳೆಯ ವರ್ಣನೆಯೇ ಇದು. ಶೃಂಗಾರದ ಎಡೆಯಲ್ಲಿ ಪೂಜೆ ಬಂದಿದೆ, ಅಷ್ಟೆ. ಸಂತೋಷವು ಹೋಗಲಿಲ್ಲ, ಅದರ ಒಡೆಯನು ಬದಲಾದನು. ಚಂದಯ್ಯನಲ್ಲಿಯಾದರೋ ಪೂಜೆಯೂ ಕಾಯಕದ ಹಿಂದೆ ನಿಲ್ಲುತ್ತದೆ. ವಿಮರ್ಶಕನು ಹರಿಹರನ ಮೃದುತ್ವವನ್ನು ಮೆಚ್ಚಬಹುದು. ಆದರೆ ಚಂದಯ್ಯನ ಕಾಠಿಣ್ಯವನ್ನು ಅದೇ ಮೃದುತ್ವದಿಂದ ವ್ಯಾಖ್ಯಾನ ಮಾಡಿದರೆ ತಪ್ಪಾಗುತ್ತದೆ. ಈಚಿನ ಎಷ್ಟೋ ಭಾಷಣಗಳಲ್ಲಿ ಆಗುತ್ತಿರುವುದು ಇದೇ.

ಇನ್ನು ಆಧಾರದ ಮಾತು. ಶೂನ್ಯಸಂಪಾದನೆಯ ಸಂಕಲನಗಳು ಹದಿನೈದನೆಯ ಶತಮಾನದಿಂದೀಚಿನವು. ಚಂದಯ್ಯನ ಕಾಲಕ್ಕೂ ಅವಕ್ಕೂ ಸುಮಾರು ಮೂರು ಶತಮಾನಗಳ ದೂರವಿದೆ. ಫ. ಗು. ಹಳಕಟ್ಟಿಯವರು 1930ರಲ್ಲಿ ಆ ಗ್ರಂಥವನ್ನು ಅಚ್ಚಿಗೆ ತಂದ ಮೇಲೆಯೇ ವಿದ್ವಾಂಸರಲ್ಲಿ ಅದರ ಪ್ರಚಾರವು ಹೆಚ್ಚಿತು. ಕೆರೆಯ ತಡಿಯ ಗವಿಗಳಿಗೆ ಅಂಟಿರುವ ಹೆಸರುಗಳೂ ಜನರ ನಂಬಿಕೆಯಿಂದ ಬಂದವು. ಆದಕಾರಣ ಇಂಥ ಗವಿಯಲ್ಲಿ ಇಂಥವನಿದ್ದನು, ಇದೇ ನೀರಿನಲ್ಲಿ ಲಿಂಗವು ಬಿದ್ದಿತು ಎಂದು ಬೆರಳು ತೋರಿಸಿ ಹೇಳುವುದು ಇತಿಹಾಸವಲ್ಲ. ಹಾಗೆಂದು ಆ ಹೆಸರುಗಳನ್ನು ಅಳಿಸಿಹಾಕಬೇಕೆಂಬುದೂ ವಿವೇಕವಲ್ಲ. ಒಂದು ಪಠ್ಯವನ್ನು ಜನರು ಯಾವ ನೆಲದ ಮೇಲೆ ಇಟ್ಟು ಓದಿದರೆಂಬುದಕ್ಕೆ ಅವು ಸಾಕ್ಷಿ. ಅಂಥ ಸಾಕ್ಷಿಗೆ ಅದರದೇ ಆದ ಬೆಲೆಯಿದೆ. ಅರಸನ ತೋಯಕ್ರೀಡೆಗೆ ಆ ತಡಿಯಲ್ಲಿ ಹೆಸರುಳಿಯಲಿಲ್ಲ, ಹಗ್ಗ ಹೊಸೆದವನಿಗೆ ಉಳಿಯಿತು. ಇದು ಜನರು ಮಾಡಿದ ವಿಮರ್ಶೆ.

ಕಾವ್ಯ, ಶಾಸ್ತ್ರ, ವಚನಗಳಲ್ಲದೆ ಕೆರೆಯನ್ನು ಕುರಿತು ಮಾತನಾಡುವ ನಾಲ್ಕನೆಯ ಪ್ರಕಾರವು ಶಾಸನ. ಬಿತ್ತುವಟ್ಟ, ದಶವಂದ, ಕೆರೆಗೊಡಗೆ ಮೊದಲಾದ ಮಾತುಗಳು ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಕೆರೆಯನ್ನು ಕಟ್ಟಿಸಿದವನಿಗೆ, ಕೆರೆಯ ಹೂಳನ್ನೆತ್ತಿ ಏರಿಯನ್ನು ಕಾಪಾಡುವವನಿಗೆ ಬಿಟ್ಟ ಭೂಮಿ, ಬಿಟ್ಟ ಪಾಲು ಇವುಗಳ ಲೆಕ್ಕವದು. ಶಾಸನದ ಪದ್ಯಭಾಗದಲ್ಲಿ ಕೆರೆಯು ಸಮುದ್ರವೆನಿಸಿಕೊಳ್ಳುತ್ತದೆ. ಗದ್ಯಭಾಗಕ್ಕೆ ಬಂದೊಡನೆ ಮತ್ತರು ಗದ್ಯಾಣಗಳ ಎಣಿಕೆ ಮೊದಲಾಗುತ್ತದೆ. ನಲಿವಿನ ಭಾಷೆಯೂ ದುಡಿಮೆಯ ಭಾಷೆಯೂ ಒಂದೇ ಕಲ್ಲಿನ ಮೇಲೆ ಜಗಳವಿಲ್ಲದೆ ಕೂಡಿರುವುದು ಅಲ್ಲಿ ಮಾತ್ರ. ಆ ಕೂಟವನ್ನು ಪಾಠಕ್ರಮಗಳು ಇನ್ನೂ ಸರಿಯಾಗಿ ಬಳಸಿಕೊಂಡಿಲ್ಲ.

ಬೀದರ ನಗರದ ಪಕ್ಕದಲ್ಲಿ ಬರೀದಶಾಹಿ ಅರಸರ ಗೋರಿಗಳಿವೆ. ಗುಲಾಮ್ ಯಜ್ದಾನಿಯವರು 1947ರಲ್ಲಿ ಪ್ರಕಟಿಸಿದ ಬೀದರಿನ ಗ್ರಂಥದಲ್ಲಿ ಅವುಗಳ ವಿವರವು ದೊರೆಯುತ್ತದೆ. ಅರಸನ ವಿಶ್ರಾಂತಿಗೆಂದು ಏರ್ಪಟ್ಟ ಆ ಜಾಗವು ಈಗ ಊರಿನವರೆಲ್ಲ ಸಂಜೆ ತಿರುಗಾಡುವ ಉದ್ಯಾನವಾಗಿದೆ. ಅದರಿಂದ ಯಾರ ಮನಸ್ಸಿಗೂ ತೊಡಕಾಗಲಿಲ್ಲ, ಏಕೆಂದರೆ ಅದು ಮೊದಲೇ ತೋಟ. ಕಲ್ಯಾಣದ ಕೆರೆಯ ತಡಿಯು ಹಾಗಲ್ಲ. ಅಲ್ಲಿ ವಿಹಾರವನ್ನು ಏರ್ಪಡಿಸುವವರು ತಿಳಿದೋ ತಿಳಿಯದೆಯೋ ಮಾನಸೋಲ್ಲಾಸದ ಪಕ್ಷವನ್ನು ವಹಿಸುತ್ತಾರೆ. ಆದರೆ ಫಲಕಗಳ ಮೇಲೆ ಬರೆಸಲು ಬಯಸುವುದು ವಚನವನ್ನು. ಇದರಲ್ಲಿ ವಂಚನೆಯೇನೂ ಇಲ್ಲ, ಗೊಂದಲವಿದೆ. ದುಡಿದು ಬಂದ ಯಾತ್ರಿಕನು ನೀರಿನ ಬಳಿ ಕುಳಿತು ದಣಿವಾರಿಸಿಕೊಳ್ಳುವುದನ್ನು ಚಂದಯ್ಯನು ಬೇಡವೆನ್ನುತ್ತಿದ್ದನೆಂದು ಭಾವಿಸಲು ಕಾರಣವಿಲ್ಲ. ಸೋಮೇಶ್ವರನಂತೂ ಅವನಿಗೆ ಯಾವ ಮರದ ನೆರಳು ಒಳ್ಳೆಯದೆಂಬುದನ್ನು ಹೇಳಿಕೊಡುತ್ತಿದ್ದನು. ತೊಡಕು ಬರುವುದು ಒಂದು ಸಣ್ಣ ವಿಷಯದಲ್ಲಿ. ಕೆರೆಯನ್ನು ಅಂದಗೊಳಿಸಹೊರಟವರು ಎಲ್ಲೆಡೆಯಲ್ಲಿಯೂ ಮೊದಲು ಕೀಳಿಸುವುದು ಅಂಚಿನ ಜೊಂಡುಹುಲ್ಲನ್ನು; ಕಲ್ಲು ಕಟ್ಟಿದ ದಂಡೆ, ಸ್ವಚ್ಛವಾದ ನೀರು, ಕುಳಿತುಕೊಳ್ಳುವ ಜಗಲಿ ಇವು ಬೇಕಾದಾಗ ಹುಲ್ಲು ಕಸವಾಗುತ್ತದೆ. ಹೊಡಕೆಯಿಲ್ಲದ ಕೆರೆಯ ತಡಿಯಲ್ಲಿ ನುಲಿಯ ಚಂದಯ್ಯನ ಗವಿಯನ್ನು ತೋರಿಸುವ ಉಪಾಧ್ಯಾಯನು ಅವನು ಅಲ್ಲಿ ಏನನ್ನು ಕೊಯ್ಯುತ್ತಿದ್ದನೆಂದು ಕೇಳಿದ ವಿದ್ಯಾರ್ಥಿಗೆ ಬರಿಯ ಮಾತಿನಲ್ಲಿಯೇ ಉತ್ತರ ಹೇಳಬೇಕಾಗುತ್ತದೆ.